ಆಷಾಢದ ಗಾಳಿಗೆ ಹನ್ನೊಂದು ಬೇಸ್ ಗಿಟಾರ್

ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜುವ ವಾಸನೆ ಬಂದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆ. ನನಗೆ ಬೇಸ್ ಗಿಟಾರ್ ನೆನಪಾಗುತ್ತದೆ. ಮೊನ್ನೆ ಶೋಭಾ ಹಿತ್ತಲಲ್ಲಿ ದೀಪದ ಕಂಬ ಉಜ್ಜುತ್ತಿದ್ದಳು. ಕೊಳಾಯಿ ಹತ್ತಿರ ಕೈ ತೊಳೆಯಲು ಹೋದವನು ನೀರು ಹರಿಯಲು ಬಿಟ್ಟು ಹಾಗೇ ನಿಂತುಬಿಟ್ಟೆ.

"ಏನ್ರೀ, ಮತ್ತೆ ಆ ಆಷಾಢಕ್ಕೆ ಹೋದ್ರಾ?" ಅಂದಳು ನನ್ನ ಹೆಂಡತಿ, ತಲೆ ಎತ್ತದೆ. "ಹೋದ್ರೆ ಹೋಗಿ, ಕೊಳಾಯಿ ನಿಲ್ಸಿ ಹೋಗಿ."

ಹೋಗಿದ್ದೆ. ಎರಡು ವರ್ಷದ ಹಿಂದಿನ ಆಷಾಢ ಅದು.

ದೊಡ್ಡಬಳ್ಳಾಪುರದಲ್ಲಿ ನನ್ನದು ಶಾಮಿಯಾನ, ಕುರ್ಚಿ, ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಅಂಗಡಿ. ಬೇರೆಯವರ ಸ್ಪೀಕರ್ ಡಬ್ಬ ಹೊರುತ್ತಿದ್ದವನು ನಾನು. ಹಾಗೆ ಹೊತ್ತುಕೊಂಡು ಹೋದ ಒಂದು ಊರಿನಲ್ಲಿ ಆರ್ಕೆಸ್ಟ್ರಾದ ಬೇಸ್ ನುಡಿಸುವವನು ಬರಲಿಲ್ಲ. "ಲೇ ಮೂರ್ತಿ, ಸುಮ್ನೆ ನಿಂತ್ಕೊಂಡು ತಾಳಕ್ಕೆ ಸರಿಯಾಗಿ ಗುಮ್ ಗುಮ್ ಅನ್ಸು ಸಾಕು" ಅಂತ ಕೊರಳಿಗೆ ಗಿಟಾರ್ ಹಾಕಿದರು. ಹಾಗೆ ಹಾಕಿಕೊಂಡದ್ದು ಹನ್ನೆರಡು ವರ್ಷ ಕೊರಳಲ್ಲೇ ಇತ್ತು. ಬೇಸ್ ಅಂದರೆ ನಾಲ್ಕು ದಪ್ಪ ತಂತಿಯ ಗಿಟಾರು. ಸಾರಿನಲ್ಲಿ ಉಪ್ಪು ಇದ್ದ ಹಾಗೆ. ಇದ್ದಾಗ ಯಾರೂ ಹೊಗಳಲ್ಲ, ಇಲ್ಲದಿದ್ದರೆ ಎಲ್ಲರೂ ತಟ್ಟೆ ತಳ್ಳುತ್ತಾರೆ ಅಂತ ನಾವು ತಿಳಿದಿದ್ದೆವು. ಆದರೆ ಯಾರೂ ತಳ್ಳಲಿಲ್ಲ. ಮೊದಲು ಕೀಬೋರ್ಡಿನವರು ಎಡಗೈಯಲ್ಲಿ ಬೇಸ್ ನುಡಿಸಲು ಕಲಿತರು. ಆಮೇಲೆ ಪೆನ್‌ಡ್ರೈವಿನಲ್ಲೇ ಎಲ್ಲ ಬಂತು, ಹಾಡುವವನೊಬ್ಬ ಮೈಕ್ ಹಿಡಿದರೆ ಆಯಿತು. ನಮ್ಮ ಸುತ್ತಿನ ಆರ್ಕೆಸ್ಟ್ರಾಗಳು ಒಂದೊಂದಾಗಿ ಮುಚ್ಚಿದವು. ಮುಚ್ಚುವ ಆರ್ಕೆಸ್ಟ್ರಾದಲ್ಲಿ ಮೊದಲು ಮಾರಾಟಕ್ಕೆ ಬರುವುದು ಬೇಸ್. ಕೊಳ್ಳಲು ಹೋಗುತ್ತಿದ್ದವನು ನಾನು.

ಈಗ ಒಂದು ಮಾತು ಹೇಳುತ್ತೇನೆ, ಬೇಕಾದವರು ಇಟ್ಟುಕೊಳ್ಳಿ. ಹಳೆ ಸಾಮಾನು ಕೊಳ್ಳಲು ಹೋದಾಗ ರೇಟು ಕೇಳಬೇಡಿ, ಯಾಕೆ ಮಾರುತ್ತೀರಿ ಅಂತ ಕೇಳಿ. ಮಾರುವವನು ಕತೆ ಹೇಳುತ್ತಾ ಹೇಳುತ್ತಾ ತಾನೇ ಬೆಲೆ ಇಳಿಸಿಕೊಳ್ಳುತ್ತಾನೆ. ಒಂದು ಬೇಸನ್ನು ನಾನು ಮಡಚುವ ಕುರ್ಚಿಗಳಿಗೆ ಬದಲಾಗಿ ತಂದಿದ್ದೆ. ಇನ್ನೊಂದನ್ನು ಮದುವೆಗೆ ಹಾಕಿದ ಶಾಮಿಯಾನದ ಬಾಡಿಗೆಗೆ ವಜಾ ಮಾಡಿಕೊಂಡಿದ್ದೆ. ಕೆಂಪು ಬಣ್ಣದ್ದು ಎಲ್ಲಕ್ಕಿಂತ ಮೊದಲು ಬಂದದ್ದು. ಅದರ ಯಜಮಾನ ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಮುದ್ದೆಯವರೆಗೂ ಬಗ್ಗಲಿಲ್ಲ. ಮುದ್ದೆ ಉಂಡಮೇಲೆ ಬಗ್ಗಿದ. ಹಸಿದವನ ಹತ್ತಿರ ಚೌಕಾಸಿ ಮಾಡಬೇಡಿ, ಉಂಡವನ ಹತ್ತಿರ ಮಾಡಿ, ಇದು ಕೆಂಪು ಬೇಸ್ ನನಗೆ ಕಲಿಸಿದ್ದು. ಹೀಗೆ ಹನ್ನೊಂದಾದವು. ಮನೆಯ ಮುಂದಿನ ಕೋಣೆಯ ಗೋಡೆ ತುಂಬ ಮೊಳೆ ಹೊಡೆದು ನೇತುಹಾಕಿದ್ದೆ. ಬಂದವರಿಗೆಲ್ಲ ಒಂದೊಂದರ ಕತೆ ಹೇಳುತ್ತಿದ್ದೆ. ನುಡಿಸುವುದು ನಿಂತು ಎಷ್ಟೋ ವರ್ಷವಾಗಿತ್ತು.

ಆ ವರ್ಷ ಶೋಭಾಗೆ ಒಂದು ಕೆಲಸ ಕೂಡಿಬಂತು. ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ಅವಳಿಗೆ ಮೊದಲಿಂದಲೂ ಗೊತ್ತು. ಮನೆಯಲ್ಲೇ ಒಂದೆರಡು ಕಟ್ಟಿಕೊಡುತ್ತಿದ್ದಳು. ಪೇಟೆಯ ಒಂದು ಸೀರೆ ಅಂಗಡಿಯವರು ಶ್ರಾವಣಕ್ಕೆ ಅವರ ಸೀರೆಗಳನ್ನೆಲ್ಲ ಅವಳಿಗೇ ಕೊಡುತ್ತೇವೆ ಅಂದರು. ಅವಳೊಬ್ಬಳಿಂದ ಆಗುವ ಕೆಲಸವಲ್ಲ, ಇನ್ನೂ ಮೂವರು ಹೆಂಗಸರು ಕೂರಬೇಕು. ಕುಚ್ಚಿಗೆ ಬೆಳಕು ಬೇಕು. ಬೀದಿ ಕಡೆ ದೊಡ್ಡ ಕಿಟಕಿ ಇದ್ದದ್ದು ಗಿಟಾರ್ ಕೋಣೆಗೆ ಮಾತ್ರ.

"ಶ್ರಾವಣದ ಮೊದಲನೇ ಶುಕ್ರವಾರ ಅಲ್ಲಿ ಚಾಪೆ ಹಾಸ್ಬೇಕು. ಹಾಸ್ಲಿಲ್ಲ ಅಂದ್ರೆ ಅವ್ರು ಬೇರೆಯವ್ರಿಗೆ ಕೊಡ್ತಾರೆ. ಅವ್ರು ಬಾಯ್ಬಿಟ್ಟು ಹೇಳವ್ರೆ" ಅಂದಳು.

"ಒಂದು ಆರು ಕೆಳಗಿಳಿಸ್ತೀನಿ. ಇನ್ನು ಐದು ಗೋಡೆ ಮೇಲಿದ್ರೆ ನಿಂಗೇನು?"

"ಸೀರೆಗೆ ಧೂಳು ಬಿದ್ರೆ ಯಾರಿಗೆ? ಒಂದು ಇಟ್ಕೊಳ್ಳಿ. ಯಾವ್ದು ಬೇಕೋ ನೀವೇ ಆರಿಸ್ಕೊಳ್ಳಿ. ಮಿಕ್ಕಿದ್ದು ಕಳ್ಸಿ."

"ಶೋಭಾ, ಆಷಾಢದಲ್ಲಿ ಯಾರೇ ಕೊಳ್ತಾರೆ? ಭಾದ್ರಪದ ಬರ್ಲಿ, ಗಣೇಶನ ಪ್ರೋಗ್ರಾಂ ಶುರುವಾಗ್ಲಿ, ಕ್ಯೂ ನಿಲ್ಲಿಸ್ತೀನಿ."

"ಕ್ಯೂ ಬೀದೀಲಿ ನಿಲ್ಸಿ. ಕೋಣೆ ನನಗೆ ಶ್ರಾವಣಕ್ಕೆ ಬೇಕು."

ಆಷಾಢದಲ್ಲಿ ಕೊಳ್ಳಿ, ಮಾರಬೇಡಿ ಅನ್ನುವುದು ನನ್ನ ಜೀವನದ ಸೂತ್ರ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಗಾಳಿಗೆ ಶಾಮಿಯಾನ ನಿಲ್ಲುವುದಿಲ್ಲ, ಯಾರ ಕೈಯಲ್ಲೂ ಕಾಸು ಆಡುವುದಿಲ್ಲ. ಆ ತಿಂಗಳಲ್ಲಿ ಹೆಂಡತಿ ನನ್ನನ್ನು ಮಾರುವ ಕಡೆಗೆ ಕೂರಿಸಿದಳು.

ಸರಿ, ಮಾರುವುದೇ ಆದರೆ ಸರಿಯಾಗಿ ಮಾರೋಣ ಅಂತ ಕೂತೆ. ಹಳೆ ತಂತಿ ಬಿಚ್ಚಿ ಅಗಲ ಪಾತ್ರೆಯಲ್ಲಿ ಕುದಿಸಿ, ಒರೆಸಿ, ಮತ್ತೆ ಕಟ್ಟಿದೆ. ಕುದಿಸಿದ ತಂತಿ ಒಂದೆರಡು ವಾರ ಹೊಸದರ ಹಾಗೇ ಗಣಗಣ ಅನ್ನುತ್ತದೆ, ನಿಮಗೆ ಹಳೆ ಗಿಟಾರ್ ತೋರಿಸಿದರೆ ಪಾತ್ರೆ ತಳ ನೋಡಿ ಬನ್ನಿ. ಗಿಟಾರಿನ ಕತ್ತಿನ ಮೇಲೆ ಏಣಿಯ ಹಾಗೆ ಇರುವ ಲೋಹದ ಪಟ್ಟಿಗಳು ಕಪ್ಪಾಗಿದ್ದವು, ಹುಣಸೆಹಣ್ಣಿನಿಂದ ಉಜ್ಜಿದೆ. ಮನೆಯೆಲ್ಲ ಹುಳಿ, ಕಬ್ಬಿಣ, ಕೊಬ್ಬರಿ ಎಣ್ಣೆಯ ವಾಸನೆ. ಹೊರಗೆ ಗಾಳಿ ಎದ್ದು ಪಕ್ಕದ ಮನೆಯ ತಗಡು ಬಡಿಯುತ್ತಿತ್ತು. ಅದರ ಜೊತೆಗೆ ನಮ್ಮ ಬೀದಿಯ ಮಗ್ಗಗಳು. ಕರೆಂಟ್ ಇದ್ದಷ್ಟು ಹೊತ್ತೂ ಎಡಕ್ಕೆ ನಾಲ್ಕು, ಬಲಕ್ಕೆ ಆರು ಪವರ್‌ಲೂಮ್ ಖಟಖಟ ಅನ್ನುತ್ತಲೇ ಇರುತ್ತವೆ. ಹೊಸಬರಿಗೆ ಮಾತೇ ಕೇಳಿಸುವುದಿಲ್ಲ, ನಮಗೆ ಮಗ್ಗವೇ ಕೇಳಿಸುವುದಿಲ್ಲ.

ಫೋನಿನಲ್ಲಿ ಫೋಟೋ ಹಾಕಿದೆ. ಕರೆಗಳು ಬಂದವು. ಎಲ್ಲರದೂ ಒಂದೇ ಪ್ರಶ್ನೆ, ಲಾಸ್ಟ್ ಎಷ್ಟು? ನೋಡದೆ ಲಾಸ್ಟ್ ಕೇಳುವವನು ಕೊಳ್ಳುವವನಲ್ಲ, ಇದೂ ಇಟ್ಟುಕೊಳ್ಳಿ.

ಆಗಲೇ ನಮ್ಮ ದೊಡ್ಡಪ್ಪ ಪಿಳ್ಳಪ್ಪ ತೂಬಗೆರೆಯಿಂದ ಬಂದದ್ದು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಾಲ್ಕು ದಿನ ಇರಲು ಬಂದವನು, ವ್ಯಾಪಾರದ ವಾಸನೆ ಹಿಡಿದು ಆಷಾಢ ಪೂರ್ತಿ ಉಳಿದ. ದೊಡ್ಡಪ್ಪ ದನದ ಜಾತ್ರೆಗಳಲ್ಲಿ ದಳ್ಳಾಳಿ ಆಗಿದ್ದವನು. ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಎತ್ತಿನ ಬೆಲೆ ಮಾತಾಡುವವರ ಪೈಕಿ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ನನಗೆ ಚೌಕಾಸಿ ಬಂದದ್ದು ಅವನಿಂದಲೇ. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯ ಉದ್ದಕ್ಕೂ ನಡೆದ. ಒಂದೊಂದರ ಮುಂದೆಯೂ ನಿಂತು ತಂತಿ ಎಣಿಸಿದ.

"ಇದು ನಾಲ್ಕಲ್ಲು. ಇದೂ ನಾಲ್ಕಲ್ಲು. ಒಳ್ಳೆ ಪ್ರಾಯ." ಎತ್ತಿನ ವಯಸ್ಸನ್ನು ಹಲ್ಲಿನಲ್ಲಿ ಎಣಿಸುವವನು, ತಂತಿಯನ್ನೂ ಹಲ್ಲು ಮಾಡಿಕೊಂಡಿದ್ದ. ಕೊನೆಯಲ್ಲಿ ಐದು ತಂತಿಯ ಬೇಸ್ ಇತ್ತು. ಎರಡು ಸಲ ಎಣಿಸಿದ. "ಲೇ ಮೂರ್ತಿ, ಇದೇನ್ಲಾ ಐದಲ್ಲು? ಎರಡಿರ್ತವೆ, ನಾಲ್ಕಿರ್ತವೆ, ಆರಿರ್ತವೆ. ಐದಲ್ಲಿನ ಎತ್ತು ಎಲ್ಲಾದ್ರೂ ಐತೇನ್ಲಾ? ಒಂದು ಬಿದ್ದೋಗಿರ್ಬೇಕು ನೋಡು. ನಿಂಗೆ ಯಾವನೋ ಟೋಪಿ ಹಾಕವ್ನೆ."

"ದೊಡ್ಡಪ್ಪ, ಅದು ಬರೋದೇ ಹಂಗೆ."

"ಬರೋದೇ ಹಂಗೆ ಅಂತ ಮಾರೋನು ಹೇಳ್ತಾನೆ."

ಶೋಭಾ ನಕ್ಕು ನಕ್ಕು ಕುಚ್ಚಿನ ದಾರ ಸಿಕ್ಕು ಮಾಡಿಕೊಂಡಳು.

ಮೊದಲ ದೊಡ್ಡ ಗಿರಾಕಿ ಬೆಂಗಳೂರಿನಿಂದ ಬಂದ ಕಿರಣ್. ಕಾರಿನಲ್ಲಿ ಬಂದ, ಗಡ್ಡ ಬಿಟ್ಟಿದ್ದ, ಮೂರು ಮಾತಿಗೊಮ್ಮೆ ಗುರು ಅನ್ನುತ್ತಿದ್ದ. "ಗುರು, ಕಲೆಕ್ಷನ್ ಸಕ್ಕತ್ತಾಗಿದೆ. ನಾನೂ ಪ್ಲೇಯರೇ. ಆರು ಎತ್ಕೋತೀನಿ, ಬಲ್ಕ್ ರೇಟ್ ಹೇಳಿ." ಎಲ್ಲವನ್ನೂ ಕೈಗೆತ್ತಿಕೊಂಡ, ತಿರುಗಿಸಿದ, ಹಿಂಭಾಗದ ನಂಬರ್ ಫೋಟೋ ತೆಗೆದ. ನಾನು ಬಾಯಿ ತೆಗೆಯುವಷ್ಟರಲ್ಲಿ ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕಿರಣ್‌ನ ಕೈ ಮೇಲೆ ಹೊದಿಸಿ, ಒಳಗೆ ತನ್ನ ಕೈ ತೂರಿಸಿದ.

"ಏನ್ ತಾತ ಇದು?" ಕಿರಣ್‌ಗೆ ಕಚಗುಳಿಯಾಯಿತು.

"ಮಾತಾಡ್ಬೇಡ. ಬೆರಳಲ್ಲಿ ಹೇಳು. ಇದು ಸಾವಿರ, ಇದು ನೂರು."

ಹುಡುಗ ಚುರುಕು, ಎರಡು ನಿಮಿಷದಲ್ಲಿ ಕಲಿತ. ದೊಡ್ಡಪ್ಪ ತಲೆ ಅಲ್ಲಾಡಿಸುತ್ತಾ, ತುಟಿ ಕಚ್ಚುತ್ತಾ, ಆಕಾಶ ನೋಡುತ್ತಾ ಬೆರಳು ಒತ್ತಿದ. ಮಧ್ಯೆ ಕೈ ಬಿಡದೆ ನನ್ನ ಕಡೆ ವಾಲಿ ಕಿವಿಯಲ್ಲಿ ಹೇಳಿದ. "ಬೆಣ್ಣೆ ಬೆರಳು ಕಣ್ಲಾ. ತಂತಿ ಹಿಡಿಯೋ ಕೈಯಲ್ಲ. ಇವನು ಉಳೋನಲ್ಲ, ಮಾರೋನು. ಬಿಗಿ ಹಿಡೀತೀನಿ."

ನನಗೆ ಆಶ್ಚರ್ಯವಾಯಿತು. ಬೇಸ್ ನುಡಿಸುವವರ ಬೆರಳ ತುದಿ ಗಟ್ಟಿಯಾಗಿ ಜಡ್ಡುಗಟ್ಟುತ್ತದೆ ಅಂತ ನನಗೆ ಗೊತ್ತಿತ್ತು. ಆದರೆ ಅದನ್ನು ವ್ಯಾಪಾರದಲ್ಲಿ ಬಳಸಬಹುದು ಅಂತ ಇಷ್ಟು ವರ್ಷ ಹೊಳೆದಿರಲಿಲ್ಲ. ದನದವನಿಗೆ ಒಂದೇ ಹಿಡಿತಕ್ಕೆ ಹೊಳೆಯಿತು. ಆರು ಬೇಸ್ ಆಷಾಢದಲ್ಲಿ, ಭಾದ್ರಪದದ ರೇಟಿಗೆ ಹೋದವು.

ಕಾರಿಗೆ ಹಾಕುವಾಗ ಇನ್ನೊಂದು ಜಗಳ. ದೊಡ್ಡಪ್ಪ ಒಂದೊಂದು ಗಿಟಾರಿನ ಭುಜದ ಬೆಲ್ಟನ್ನೂ ಬಿಚ್ಚಿಟ್ಟುಕೊಂಡ.

"ತಾತ, ಬೆಲ್ಟ್ ಇಲ್ದೆ ಹೆಂಗೆ? ಅದೂ ಸೇರೇ ಅಲ್ವಾ ರೇಟು?"

"ದನ ಕೊಟ್ಟೋನು ಹಗ್ಗ ಕೊಡಲ್ಲ ಕಣಪ್ಪ. ಹಗ್ಗ ಹೋದ್ರೆ ಕೊಟ್ಟಿಗೆ ಬರಿದಾಗ್ತದೆ. ನಿನ್ನ ಹಗ್ಗ ನೀನು ತತ್ತೀಯ."

ಕಿರಣ್ ನನ್ನ ಮುಖ ನೋಡಿದ. ನಾನು ದೊಡ್ಡಪ್ಪನ ಮುಖ ನೋಡಿದೆ. ಆರು ಬೆಲ್ಟ್ ನಮ್ಮ ಮನೆಯಲ್ಲೇ ಉಳಿದವು.

ಆಮೇಲಿನ ವಾರದಲ್ಲಿ ನೆಲಮಂಗಲದ ಒಬ್ಬ ಸಂಗೀತದ ಮೇಷ್ಟ್ರು ಎರಡು ಒಯ್ದರು, ಹೊಸಕೋಟೆಯ ಕೀಬೋರ್ಡಿನವನೊಬ್ಬ ಒಂದು ಒಯ್ದ. ಗೋಡೆ ಮೇಲೆ ಮೊಳೆಗಳೇ ಹೆಚ್ಚು, ಗಿಟಾರ್ ಎರಡು. ಕೆಂಪು ಬೇಸ್ ಮತ್ತು ಐದಲ್ಲು. ಐದಲ್ಲನ್ನು ಮಾರಿ ಕೆಂಪನ್ನು ಉಳಿಸಿಕೊಳ್ಳುವುದು ಅಂತ ನಾನು ಮೊದಲ ದಿನವೇ ತೀರ್ಮಾನ ಮಾಡಿದ್ದೆ.

"ಕೆಂಪೇ ಯಾಕೆ?" ಅಂತ ಒಂದು ಬೆಳಿಗ್ಗೆ ಶೋಭಾ ಕೇಳಿದಳು. ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

"ಅದರ ನಾದವೇ ಬೇರೆ."

"ಹೌದಾ? ಕಣ್ಮುಚ್ಚಿ."

"ಏನೇ?"

"ಕಣ್ಮುಚ್ಚಿ ಅಂದೆ. ದೊಡ್ಡಪ್ಪ, ಅವ್ರ ಕಣ್ಣಿಗೆ ಟವೆಲ್ ಕಟ್ಟಿ."

ಎರಡನ್ನೂ ಆಂಪ್ಲಿಫೈಯರಿಗೆ ಸಿಕ್ಕಿಸಿ, ಒಂದಾದ ಮೇಲೊಂದು ಒಂದೇ ತಂತಿ ಮೀಟಿದಳು. ಹೊರಗೆ ಮಗ್ಗ ಖಟಖಟ. ನಾನು ಮೊದಲನೆಯದು ಕೆಂಪು ಅಂದೆ. ಅಲ್ಲ. ಮತ್ತೆ ಮೀಟಿದಳು. ಎರಡನೆಯದು ಅಂದೆ. ಅದೂ ಅಲ್ಲ. ಮೂರನೇ ಸಲ ಸರಿ ಹೇಳಿದೆ, ಆದರೆ ಅದು ಲಾಟರಿ ಅಂತ ನನಗೇ ಗೊತ್ತಿತ್ತು.

"ಮಗ್ಗದ ಸದ್ದಲ್ಲಿ ಯಾರಿಗೆ ಗೊತ್ತಾಗ್ತದೆ?" ಅಂದೆ ಟವೆಲ್ ಬಿಚ್ಚುತ್ತಾ.

"ಹದಿನಾರು ವರ್ಷದಿಂದ ಈ ಮನೇಲಿ ಮಗ್ಗ ಕೇಳ್ಸಲ್ಲ ಅಂತಿದ್ರಿ" ಅಂದಳು. ಅಷ್ಟೇ ಅಂದಳು.

ಆ ಮಾತು ತಲೆಯಲ್ಲಿ ಉಳಿಯಿತು. ನಷ್ಟವಾದಾಗ ಆಗುವ ನೋವಲ್ಲ. ಗೊತ್ತಿದೆ ಅಂದುಕೊಂಡ ಬೀದಿಯಲ್ಲಿ ಗೊತ್ತಿಲ್ಲದ ಒಂದು ಓಣಿ ಕಂಡ ಹಾಗೆ. ಹನ್ನೊಂದು ಬೇಸಿನ ರೇಟು ನನಗೆ ಬಾಯಿಪಾಠ. ಒಂದರದ್ದಾದರೂ ಸದ್ದು?

ಶ್ರಾವಣಕ್ಕೆ ಐದು ದಿನ ಇರುವಾಗ ರಂಜಿತಾ ಬಂದಳು. ಸಾಸಲು ಕಡೆಯ ರೈತರ ಮನೆ ಹುಡುಗಿ, ದೇವನಹಳ್ಳಿಯಲ್ಲಿ ಪಿ.ಜಿ.ಯಲ್ಲಿದ್ದು ವಿಮಾನ ನಿಲ್ದಾಣದಲ್ಲಿ ಲಗೇಜ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ತುಂತುರಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದಿದ್ದಳು, ಜರ್ಕಿನ್ ತೊಯ್ದಿತ್ತು. ಜೊತೆಯ ಕೆಲಸದವರು ನಾಲ್ಕು ಜನ ಸೇರಿ ಒಂದು ತಂಡ ಕಟ್ಟಿದ್ದರಂತೆ. ಇವಳು ಬೇಸ್. ಇಷ್ಟು ದಿನ ಒಬ್ಬರ ಗಿಟಾರ್ ಎರವಲು ಪಡೆದು ನುಡಿಸುತ್ತಿದ್ದಳು. ಅವರಿಗೆ ವರ್ಗವಾಯಿತು, ಗಿಟಾರೂ ಹೋಯಿತು.

"ಗಣೇಶನ ಹಬ್ಬಕ್ಕೆ ನಮ್ಗೆ ಮೊದಲನೇ ಪ್ರೋಗ್ರಾಂ ಅಂಕಲ್. ಬೇಸ್ ಇಲ್ಲ ಅಂದ್ರೆ ನನ್ನ ಬಿಟ್ಟು ಪೆನ್‌ಡ್ರೈವ್ ಹಾಕ್ಕೋತಾರಂತೆ. ಐದು ತಂತೀದು ಇದೆ ಅಂತ ಹಾಕಿದ್ರಲ್ಲ?"

ಪೆನ್‌ಡ್ರೈವ್ ಅಂದದ್ದೇ ನನಗೆ ಅವಳ ಮೇಲೆ ಅಭಿಮಾನ ಬಂತು. ಅಭಿಮಾನ ಬಂದರೆ ನಾನು ರೇಟು ಇಳಿಸುವುದಿಲ್ಲ, ಬುದ್ಧಿ ಹೇಳುತ್ತೇನೆ. ತಂತಿ ಹೇಗೆ ಕುದಿಸಬೇಕು, ಮಳೆಗಾಲದಲ್ಲಿ ಕತ್ತು ಹೇಗೆ ಬಾಗುತ್ತದೆ, ಆರ್ಕೆಸ್ಟ್ರಾದವರ ಹತ್ತಿರ ಅಡ್ವಾನ್ಸ್ ಹೇಗೆ ಕೇಳಬೇಕು, ಎಲ್ಲ ಶುರುಮಾಡಿದೆ. ಅವಳು ಹೂಂ ಅನ್ನುತ್ತಾ ಐದಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಬಗ್ಗಿ, ಗಿಟಾರಿನ ಮೇಲಿನ ಕೊಂಬಿನಂಥ ತುದಿಗೆ ದವಡೆ ಒತ್ತಿ ತಂತಿ ಮೀಟಿದಳು.

"ಶೋಭಾ, ಬಾರವ್ವ ಇಲ್ಲಿ! ಈ ಮಗು ಎತ್ತಿಗೆ ಮುತ್ತು ಕೊಡ್ತೈತೆ!" ಅಂದ ದೊಡ್ಡಪ್ಪ.

ಹುಡುಗಿ ನಕ್ಕಳು. "ಇಲ್ಲಿ ಮಗ್ಗದ ಸದ್ದಿದೆಯಲ್ಲ ತಾತ. ದವಡೆ ಒತ್ತಿದ್ರೆ ಮೂಳೇಲಿ ಕೇಳ್ಸುತ್ತೆ. ನಮ್ಮ ಪಿ.ಜಿ. ಮೇಲೆ ವಿಮಾನ ಹೋಗ್ತಾನೇ ಇರ್ತವೆ, ಆಂಪ್ಲಿಫೈಯರ್ ಹಾಕಿದ್ರೆ ಓನರ್ ಆಂಟಿ ಬಾಗಿಲು ಬಡೀತಾರೆ. ನಾನು ಕಲ್ತಿದ್ದೆಲ್ಲ ಹಿಂಗೇ."

ಹನ್ನೆರಡು ವರ್ಷ ನುಡಿಸಿದವನಿಗೆ ಈ ಉಪಾಯ ಗೊತ್ತಿರಲಿಲ್ಲ. ನನಗೆ ಯಾವಾಗಲೂ ದೊಡ್ಡ ಸ್ಪೀಕರ್ ಇತ್ತು, ದವಡೆ ಬೇಕಾಗಿರಲಿಲ್ಲ.

ಐದಲ್ಲನ್ನು ಕೆಳಗಿಟ್ಟು ಅವಳು ಕೆಂಪನ್ನು ನೋಡಿದಳು. "ಇದನ್ನ ಒಂದ್ಸಲ ಕೇಳ್ಲಾ?"

"ಕೇಳು. ಆದ್ರೆ ಅದು ಮಾರಕ್ಕಲ್ಲಮ್ಮ."

"ಯಾಕೆ ಅಂಕಲ್?"

ನಾನು ಕಾಫಿಯಿಂದ ಮುದ್ದೆಯವರೆಗಿನ ಕತೆ ಹೇಳಿದೆ. ಚೆನ್ನಾಗಿಯೇ ಹೇಳಿದೆ, ದೊಡ್ಡಪ್ಪ ಎರಡು ಕಡೆ ಶಭಾಷ್ ಅಂದ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿದ್ದಳು. ದವಡೆ ಕೆಂಪಿನ ಮೇಲಿತ್ತು. ಒಂದೇ ತಂತಿಯನ್ನು ಮೀಟಿ, ಅದು ಪೂರ್ತಿ ಆರುವವರೆಗೆ ಕಾದು, ಮತ್ತೆ ಮೀಟುತ್ತಿದ್ದಳು. ಶೋಭಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಈಗ ರೇಟು ಮಾತಾಡಬೇಕು. ದೊಡ್ಡಪ್ಪ ಟವೆಲ್ ಕೈಗೆ ತೆಗೆದುಕೊಂಡವನು ಹಾಗೇ ನಿಂತ. ಹೆಣ್ಣುಮಗಳು. ಟವೆಲ್ ಕೆಳಗೆ ಕೈ ಹಿಡಿಯುವುದು ಹೇಗೆ? ಅವನ ಇಡೀ ದಳ್ಳಾಳಿ ಜೀವನದಲ್ಲಿ ಹೆಣ್ಣು ಗಿರಾಕಿ ಬಂದಿರಲಿಲ್ಲ.

"ಬಾಯಲ್ಲೇ ಮಾತಾಡೋಣ ಬಿಡಿ" ಅಂದೆ.

"ಬಾಯ್ವ್ಯಾಪಾರ ಸಂತೇದು. ನಮ್ಮ ಮನೇಲಿ ಬೇಡ" ಅಂದ ದೊಡ್ಡಪ್ಪ. "ಶೋಭಾ, ನೀನು ಹಿಡಿ ಬಾರವ್ವ."

ಶೋಭಾ ಇಷ್ಟು ದಿನ ಪಕ್ಕದಲ್ಲಿ ಕುಚ್ಚು ಕಟ್ಟುತ್ತಾ ಬೆರಳಿನ ಲೆಕ್ಕವನ್ನೆಲ್ಲ ಕಲಿತಿದ್ದಳು. ನಾನು ಒಳಗೆ ಕರೆದು ಐದಲ್ಲಿಗೆ ಇಷ್ಟಕ್ಕಿಂತ ಕೆಳಗೆ ಇಳಿಯಬೇಡ ಅಂತ ಕಿವಿಯಲ್ಲಿ ಹೇಳಿದೆ. ಹೂಂ ಅಂದಳು. ಹೊರಗೆ ಬಂದು ಹುಡುಗಿಯ ಎದುರು ಕೂತು ತನ್ನ ಸೆರಗನ್ನು ಇಬ್ಬರ ಕೈ ಮೇಲೆ ಹೊದಿಸಿದಳು. ಹುಡುಗಿ ಎಡಗೈಯನ್ನು ಗಿಟಾರಿನ ಮೇಲೇ ಇಟ್ಟು ಬಲಗೈ ಸೆರಗಿನೊಳಗೆ ಕೊಟ್ಟಳು. ನಾನು ದೊಡ್ಡಪ್ಪನಿಗೆ, ಗಿಟಾರ್ ಕೊಳ್ಳುವವರಿಗೆ ಹೊದಿಕೆ ಬೇರೆ ಮಾರಿದರೆ ಎಷ್ಟು ಲಾಭ ಅಂತ ವಿವರಿಸುತ್ತಿದ್ದೆ.

ಸೆರಗು ಅಲ್ಲಾಡಿತು, ನಿಂತಿತು, ಅಲ್ಲಾಡಿತು. ಶೋಭಾ ಒಮ್ಮೆ ಹುಡುಗಿಯ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಬಲಗೈ ಬಿಟ್ಟು ಎಡಗೈ ಕೇಳಿದಳು. ಹುಡುಗಿ ಕೈ ಬದಲಾಯಿಸಿದಳು. ಮತ್ತೆ ಸೆರಗು. ಹಿಂದೆಯೇ ಶೋಭಾ ಸೆರಗು ತೆಗೆದಳು.

"ಆಯ್ತು" ಅಂದಳು.

"ಬೆರಳು ಬಿಟ್ಟ ಮೇಲೆ ಮಾತು ಬಿಡಂಗಿಲ್ಲ" ಅಂದ ದೊಡ್ಡಪ್ಪ, ವಾಡಿಕೆಯ ಮಾತು.

ನಾನು ಐದಲ್ಲನ್ನು ಎತ್ತಿ ಒರೆಸಲು ಹೋದೆ. ಹುಡುಗಿ ಕೆಂಪನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು.

"ಅದಲ್ಲಮ್ಮ, ಇದು."

ಅವಳು ಶೋಭಾಳನ್ನು ನೋಡಿದಳು. ಶೋಭಾ ದಾರದ ಉಂಡೆಯನ್ನು ನೋಡುತ್ತಿದ್ದಳು. "ನಾನು ಬೆರಳು ಹಿಡಿದಿದ್ದು ಕೆಂಪಿದಕ್ಕೆ" ಅಂದಳು.

"ಏಯ್, ಅದು ಮಾರಕ್ಕಲ್ಲ ಅಂದಿದ್ನಲ್ಲೇ!"

"ದೊಡ್ಡಪ್ಪನ್ನ ಕೇಳಿ."

ದೊಡ್ಡಪ್ಪ ಕಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅವನಿಗೂ ಕಷ್ಟವಾಯಿತು ಅಂತ ಕಾಣುತ್ತದೆ. "ಕೈ ಹೊದಿಸೋ ಮೊದ್ಲು ಗಿರಾಕಿ ಯಾವ ಎತ್ತಿನ ಬೆನ್ನ ಮೇಲೆ ಕೈ ಇಟ್ಟಿರ್ತಾನೋ, ವ್ಯಾಪಾರ ಆ ಎತ್ತಿಂದು. ಮಗು ಕೈ ಕೆಂಪಿದರ ಮೇಲಿತ್ತಲ್ಲೋ. ನಾನು ನೋಡ್ದೆ. ನೀನೂ ಒಪ್ಕೊಂಡು ಸುಮ್ಕಿದ್ದೀಯ ಅಂದ್ಕೊಂಡೆ. ಬೇಡ ಅನ್ನೋ ಯಜಮಾನ ಆಗ್ಲೇ ಕೈ ತೆಗೀಸ್ಬೇಕು. ನೀನು ಹೊದಿಕೆ ವ್ಯಾಪಾರ ಹೇಳ್ತಾ ಇದ್ದೆ."

ನಾನು ಎಷ್ಟೋ ಜನರಿಗೆ ಹೇಳಿಕೊಟ್ಟ ಪಾಠ ಅದು, ವ್ಯಾಪಾರ ಮುಗಿಯುವವರೆಗೆ ಬೇರೆ ಮಾತಾಡಬೇಡಿ ಅನ್ನುವುದು.

"ಅಂಕಲ್, ಬೇಡ ಅಂದ್ರೆ ಬೇಡ" ಅಂದಳು ಹುಡುಗಿ. ಅನ್ನುವಾಗಲೂ ಗಿಟಾರನ್ನು ಬಿಟ್ಟಿರಲಿಲ್ಲ. ನಾನು ಬೇಡ ಅನ್ನಬಹುದಿತ್ತು. ದೊಡ್ಡಪ್ಪನ ಎದುರಿಗೆ, ಅವನು ಕಲಿಸಿದ ಕೈಯಿಂದಲೇ, ಬಿಟ್ಟ ಬೆರಳನ್ನು ಮತ್ತೆ ಹಿಡಿಯಬಹುದಿತ್ತು. ಐದಲ್ಲನ್ನು ಮತ್ತೆ ಗೋಡೆಗೆ ಒರಗಿಸಿದೆ.

ದೊಡ್ಡಪ್ಪ ಬೆಲ್ಟ್ ಬಿಚ್ಚಲು ಮುಂದೆ ಬಂದ. ಹುಡುಗಿ ತಾನೇ ಬಿಚ್ಚಿ ಅವನ ಕೈಗೆ ಕೊಟ್ಟಳು. ಚೀಲದಿಂದ ಹೊಸ ಬೆಲ್ಟ್ ತೆಗೆದಳು. "ನಮ್ಮಪ್ಪ ಹಸು ತರಕ್ಕೆ ಹೋದ್ರೆ ಹೊಸ ಹಗ್ಗ ತಗೊಂಡೇ ಹೋಗ್ತಾರೆ ತಾತ. ಖಾಲಿ ಕೈಯಲ್ಲಿ ಹೋಗ್ಬಾರ್ದು ಅಂತಾರೆ."

"ನೋಡ್ಲಾ! ಇದಪ್ಪ ಗಿರಾಕಿ!" ಅಂದ ದೊಡ್ಡಪ್ಪ. ಅವನ ಪಕ್ಷವೂ ಅಲ್ಲಿಗೆ ಬದಲಾಯಿತು. ದುಡ್ಡನ್ನು ಹುಡುಗಿ ಸೆರಗಿನ ಮರೆಯಲ್ಲೇ ಶೋಭಾಳ ಕೈಗೆ ಕೊಟ್ಟಳು.

ಸ್ಕೂಟರ್ ಬೀದಿ ತಿರುಗಿದ ಮೇಲೆ ನಾನು ಅಡಿಗೆಮನೆಗೆ ಹೋದೆ. ಕೂಗಾಡಬೇಕು ಅಂತಲೇ ಹೋದೆ. ಶೋಭಾ ಅವರೆಬೇಳೆ ತೊಳೆಯುತ್ತಿದ್ದಳು.

"ಯಾಕೆ ಹಿಂಗೆ ಮಾಡ್ದೆ?"

"ಮೊದಲು ಐದಲ್ಲಿಗೇ ಅಂತ ಕೂತೆ. ದೇವ್ರಾಣೆ. ಅವಳ ಕೈ ಕೆಂಪಿದರ ಮೇಲಿರೋದು ಕಾಣ್ತು. ತೆಗಿ ಅನ್ನಕ್ಕೆ ಹೋದೆ. ಆಮೇಲೆ ಬೆರಳು ಸಿಕ್ತು." ಬೇಳೆಯ ಪಾತ್ರೆ ಪಕ್ಕಕ್ಕಿಟ್ಟು ತನ್ನ ಒದ್ದೆ ಬೆರಳು ಚಾಚಿದಳು. ತೋರುಬೆರಳ ತುದಿಯಲ್ಲಿ ರೇಷ್ಮೆ ದಾರ ಎಳೆದೆಳೆದು ಬಿದ್ದ ಗೆರೆ. "ನನ್ನ ಬೆರಳು ನನಗೇ ಸಿಕ್ದಂಗಾಯ್ತು ಕಣ್ರೀ. ಎಡಗೈದು ನೋಡಣ ಅಂತ ಅದನ್ನೂ ಕೇಳ್ದೆ. ಅದು ಇನ್ನೂ ಗಟ್ಟಿ. ಎಲ್ಲಿ, ನಿಮ್ಮ ಕೈ ಕೊಡಿ."

ಕೊಟ್ಟೆ. ಅವಳು ನನ್ನ ನಾಲ್ಕು ಬೆರಳ ತುದಿಯನ್ನೂ ಒಂದೊಂದಾಗಿ ಒತ್ತಿ ನೋಡಿದಳು. ಜಡ್ಡು ಎಲ್ಲೂ ಇರಲಿಲ್ಲ. ದೊಡ್ಡಪ್ಪ ಕಿರಣ್‌ನ ಕೈ ಹಿಡಿದು ಅಂದ ಮಾತು ಇಬ್ಬರಿಗೂ ಗೊತ್ತಿತ್ತು, ಅವಳಿಗೆ ನಾನೇ ಹೇಳಿದ್ದೆ. ಇಷ್ಟು ದಿನ ನಾನು ಉಳುವವರ ಸಾಲಿನಲ್ಲಿ ನಿಂತಿದ್ದೇನೆ ಅಂದುಕೊಂಡಿದ್ದೆ.

"ಎಷ್ಟಕ್ಕೆ ಕೊಟ್ಟೆ?" ಅಂದೆ ಕೊನೆಗೆ.

"ಸೆರಗಿನ ಒಳಗಿನ ಮಾತು. ಹೊರಗೆ ಹೇಳಂಗಿಲ್ಲ."

"ಗಂಡನಿಗೂ?"

"ಎರಡು ಕೈಗೆ ಬಿಟ್ಟು ಮೂರನೇ ಕೈಗೆ ಗೊತ್ತಾಗ್ಬಾರ್ದಂತೆ. ನಿಮ್ಮ ದೊಡ್ಡಪ್ಪಾನೇ ಹೇಳ್ಕೊಟ್ಟಿದ್ದು."

ಅವಳು ಹೇಳಲಿಲ್ಲ. ಅಂದು ಹೇಳಲಿಲ್ಲ, ಶ್ರಾವಣದ ಶುಕ್ರವಾರ ಚಾಪೆ ಹಾಸಿ ಮೂವರು ಹೆಂಗಸರನ್ನು ಕೂರಿಸಿದಾಗಲೂ ಹೇಳಲಿಲ್ಲ. ಕೋಣೆಯಲ್ಲಿ ಬಣ್ಣಬಣ್ಣದ ಸೆರಗುಗಳು ಇಳಿಬಿದ್ದವು. ಖಾಲಿ ಮೊಳೆಗಳಿಗೆ ದಾರದ ಲಡಿಗಳು ಬಂದವು. ಐದಲ್ಲು ಮೂಲೆಯಲ್ಲಿ ಒಂದು ಬಟ್ಟೆ ಹೊದ್ದು ಉಳಿಯಿತು. ಅದನ್ನು ಕೇಳಿ ಯಾರೂ ಬರಲಿಲ್ಲ, ನಾನೂ ಮತ್ತೆ ಫೋಟೋ ಹಾಕಲಿಲ್ಲ. ನಾನು ಉಪಾಯ ಮಾಡಿದೆ. ಅಷ್ಟಿರಬೇಕಲ್ಲವಾ ಅಂತ ಜಾಸ್ತಿ ಹೇಳಿ ನೋಡಿದೆ. ಪಾಪ ಹುಡುಗಿ, ಇಷ್ಟೇ ಕೊಟ್ಟಿರುತ್ತಾಳೆ ಅಂತ ಕಮ್ಮಿ ಹೇಳಿ ನೋಡಿದೆ. ಬೇರೆಯವರ ಬಾಯಿಯಿಂದ ರೇಟು ಹೊರಡಿಸಲು ನಾನು ಉಪಯೋಗಿಸುವ ಯಾವ ಉಪಾಯವೂ ಅವಳ ಹತ್ತಿರ ನಡೆಯಲಿಲ್ಲ, ಯಾಕೆಂದರೆ ಎಲ್ಲವನ್ನೂ ಅವಳು ಪಕ್ಕದಲ್ಲಿ ಕೂತು ನೋಡಿದ್ದಳು.

ಗಣೇಶನ ಹಬ್ಬದ ವಾರ ದೇವನಹಳ್ಳಿ ಕಡೆಯ ಒಂದು ಬಡಾವಣೆಯಲ್ಲಿ ನಮ್ಮದೇ ಶಾಮಿಯಾನ. ಸಂಜೆ ಕಾರ್ಯಕ್ರಮದ ಪಟ್ಟಿಯಲ್ಲಿ ರಂಜಿತಾಳ ತಂಡ ಇತ್ತು. ಶೋಭಾ ತಾನೂ ಬರುತ್ತೇನೆ ಅಂದಳು. ಇನ್ನೂ ಬೆಳಕಿತ್ತು, ಮಳೆ ನಿಂತು ಶಾಮಿಯಾನದ ಅಂಚಿನಿಂದ ಹನಿ ಬೀಳುತ್ತಿತ್ತು. ಹುಡುಗಿ ಮೂಲೆಯಲ್ಲಿ ನಿಂತಿದ್ದಳು. ಜನ ಹಾಡುವವನನ್ನು ನೋಡುತ್ತಿದ್ದರು, ಅವಳನ್ನು ಯಾರೂ ನೋಡುತ್ತಿರಲಿಲ್ಲ. ಅದು ಬೇಸಿನ ಹಣೆಬರಹ. ನಾನು ಅಭ್ಯಾಸಬಲದಿಂದ ಸ್ಪೀಕರ್ ಡಬ್ಬದ ಪಕ್ಕ ನಿಂತೆ. ಮೂರನೇ ಹಾಡಿನಲ್ಲಿ ಮಿಕ್ಕವರೆಲ್ಲ ನಿಂತು ಅವಳೊಬ್ಬಳೇ ಸ್ವಲ್ಪ ಹೊತ್ತು ನುಡಿಸಿದಳು. ಆ ಸದ್ದು ಕಿವಿಗಿಂತ ಮೊದಲು ಕಾಲಿಗೆ ಬಂತು, ಆಮೇಲೆ ಹೊಟ್ಟೆಗೆ.

ಹಾಡು ಮುಗಿದ ಮೇಲೆ ಶೋಭಾ ಪಕ್ಕಕ್ಕೆ ಬಂದಳು. "ಹೆಂಗಿತ್ತು?"

ನಾನು ಬಾಯಿ ತೆಗೆದೆ. ಕೆಂಪು ಬೇಸ್ ಬಗ್ಗೆ ಯಾರು ಏನು ಕೇಳಿದರೂ ನನ್ನ ಬಾಯಿಗೆ ಮೊದಲು ಬರುವುದು ಕೊಂಡ ರೇಟು, ಆಮೇಲೆ ಈಗಿನ ರೇಟು. ಕೊಂಡ ರೇಟು ಹಳೆಯದಾಯಿತು. ಈಗಿನ ರೇಟು ನನಗೆ ಗೊತ್ತಿಲ್ಲ. ನನ್ನ ಕೈ ದಾಟಿ ಹೋದ ಸಾಮಾನಿನಲ್ಲಿ ಬೆಲೆ ಗೊತ್ತಿಲ್ಲದ್ದು ಅದೊಂದೇ. ಹೇಳಲು ಬೇರೇನಾದರೂ ಇದೆಯಾ ಅಂತ ಒಳಗೆ ಹುಡುಕಿದೆ. ಏನೋ ಇತ್ತು.

"ಏನ್ರೀ, ನಿಮ್ಮನ್ನೇ. ಹೆಂಗಿತ್ತು ಅಂದೆ."

ಶಾಮಿಯಾನದವನು ತನ್ನ ಕುರ್ಚಿಯಲ್ಲಿ ತಾನು ಕೂರುವುದಿಲ್ಲ, ಕೂತರೆ ಆ ಕುರ್ಚಿಯ ಬಾಡಿಗೆ ನಷ್ಟ ಅನ್ನುತ್ತಿದ್ದವನು ನಾನು. ಎದುರಿನ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ಎಳೆದುಕೊಂಡು ಕೂತೆ.

"ತಡಿ" ಅಂದೆ. "ಇನ್ನೊಂದು ಹಾಡು ಕೇಳಿ ಹೇಳ್ತೀನಿ."